ಚಿಕ್ಕಪ್ಪನ ಬಿಲ್ಲು, ನನ್ನ ಲೆಕ್ಕ

ಜುಲೈ ತಿಂಗಳ ಒಂದು ಭಾನುವಾರ, ಬೆಳಿಗ್ಗೆ ಆರೂವರೆ. ಹಾಸ್ಟೆಲ್‌ನಲ್ಲಿ ಭಾನುವಾರದ ಆರೂವರೆ ಅಂದರೆ ನಡುರಾತ್ರಿಯೇ. ಫೋನು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಕಣ್ಣುಜ್ಜಿಕೊಂಡು ನೋಡಿದರೆ ಅಮೆರಿಕದ ಚಿಕ್ಕಪ್ಪ. ಅಲ್ಲಿ ಆಗ ಶನಿವಾರ ರಾತ್ರಿ ಒಂಬತ್ತು ಗಂಟೆ.

“ಪುಟ್ಟಿ, ನೀನು ಮೆಕ್ಯಾನಿಕಲ್ ಅಲ್ವನೇ? ನಂಗೊಂದು ಬಿಲ್ಲು ಆರಿಸಿಕೊಡು.”

“ಯಾವ ಬಿಲ್ಲು ಚಿಕ್ಕಪ್ಪ? ಕರೆಂಟ್ ಬಿಲ್ಲಾ?”

“ಅರ್ಜುನ ಹಿಡೀತಿದ್ನಲ್ಲ, ಆ ಬಿಲ್ಲು ಮಾರಾಯ್ತಿ! ಕಾಂಪೌಂಡ್ ಬೋ. ಮುಟ್ಟದೆ ಒಂಬತ್ತು ವರ್ಷ ಆಯ್ತು. ಈ ಸಲ ಜಿಂಕೆ ಸೀಸನ್‌ಗೆ ಮತ್ತೆ ಹೋಗೋಣ ಅಂತಿದೀನಿ. ಆರುನೂರು ಡಾಲರ್ ಒಳಗೆ ಮುಗೀಬೇಕು. ಅದರ ಮೇಲೆ ನಿನ್ನ ಚಿಕ್ಕಮ್ಮ ಒಂದು ಪೈಸೆ ಬಿಡಲ್ಲ.”

ನಿದ್ದೆ ಹಾರಿಹೋಯಿತು. ಮೂರು ವರ್ಷದಿಂದ ಮೆಕ್ಯಾನಿಕಲ್ ಓದುತ್ತಿದ್ದೇನೆ. ಮನೆಯವರು ನನ್ನ ಓದನ್ನು ನಂಬಿ ಕೇಳಿದ ಮೊದಲ ಕೆಲಸ ಇದು. ಅದಕ್ಕೆ ಮುಂಚೆ ಕೇಳಿದ್ದು ಮಿಕ್ಸಿ ರಿಪೇರಿ ಮಾತ್ರ, ಅದೂ ನನ್ನಿಂದ ಆಗಿರಲಿಲ್ಲ. “ಒಂದು ವಾರ ಕೊಡಿ ಚಿಕ್ಕಪ್ಪ” ಅಂದೆ. ಆ ಒಂದು ವಾರದ ಕೆಲಸ ಮೂರು ತಿಂಗಳು ಹಿಡಿಯಿತು. ಅದರಲ್ಲಿ ಒಂದು ದೊಡ್ಡ ತಪ್ಪನ್ನೂ ಮಾಡಿದೆ.

ಗೋಡೆಯ ಮೇಲಿನ ಕೋವಿ

ನಮ್ಮದು ಕೊಪ್ಪ ತಾಲ್ಲೂಕಿನ ಒಂದು ಹಳ್ಳಿ. ಅಡಿಕೆ ತೋಟ, ಸ್ವಲ್ಪ ಕಾಫಿ, ಸ್ವಲ್ಪ ಗದ್ದೆ. ಜಗುಲಿಯ ಗೋಡೆಯ ಮೇಲೆ ಅಜ್ಜನ ಕೋವಿ ಇದೆ. ಬೆಳೆ ರಕ್ಷಣೆಗೆಂದು ಲೈಸೆನ್ಸ್ ಇರುವ ಕೋವಿ. ಎಲೆಕ್ಷನ್ ಬಂದಾಗಲೆಲ್ಲ ಠಾಣೆಗೆ ಹೋಗಿ ಡಿಪಾಸಿಟ್ ಆಗಿ, ಮುಗಿದ ಮೇಲೆ ವಾಪಸ್ ಬರುತ್ತದೆ. ಈಗ ಅದರ ಕೆಲಸ ಸದ್ದು ಮಾಡಿ ಮಂಗ ಓಡಿಸುವುದಷ್ಟೇ. ಅಜ್ಜ ಹುಡುಗರಾಗಿದ್ದಾಗ ಮಲೆನಾಡಿನಲ್ಲಿ ಶಿಕಾರಿ ಅಂದರೆ ಊರಿಗೆ ಊರೇ ಹೊರಡುತ್ತಿತ್ತಂತೆ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಅಜ್ಜನ ಶಿಕಾರಿ ಅಲ್ಲಿಗೆ ನಿಂತಿತು, ಶಿಕಾರಿ ಕಥೆಗಳು ಮಾತ್ರ ನಿಲ್ಲಲಿಲ್ಲ.

ಆ ಕಥೆಗಳಲ್ಲಿ ಅಜ್ಜ ಎಷ್ಟು ಹೊಡೆದರು ಅನ್ನುವುದಕ್ಕಿಂತ ಒಂದು ನಿಯಮ ಹೆಚ್ಚು ಸಲ ಬರುತ್ತಿತ್ತು. ಗಾಯವಾದ ಪ್ರಾಣಿಯನ್ನು ಕಾಡಿನಲ್ಲಿ ಬಿಟ್ಟು ಬಂದವನಿಗೆ ಅವತ್ತು ರಾತ್ರಿ ಊಟವಿಲ್ಲ. ಯಾರೂ ಬಡಿಸುತ್ತಿರಲಿಲ್ಲ ಅಂತಲ್ಲ, ಅವನೇ ಉಣ್ಣುತ್ತಿರಲಿಲ್ಲ. ಈ ಕಥೆಗಳನ್ನು ಕೇಳಿಕೊಂಡೇ ಬೆಳೆದ ಚಿಕ್ಕಪ್ಪ ಅಮೆರಿಕದ ಮಿಷಿಗನ್ ರಾಜ್ಯಕ್ಕೆ ಹೋಗಿ ಕಾರು ಕಂಪನಿಯೊಂದರಲ್ಲಿ ಕೆಲಸಕ್ಕೆ ಸೇರಿದರು.

ಅಲ್ಲಿ ಕಥೆಯೇ ಬೇರೆ. ನಮ್ಮಲ್ಲಿ ಜಿಂಕೆ ಹೊಡೆದರೆ ಜೈಲು, ಅಲ್ಲಿ ಲೈಸೆನ್ಸ್ ತೆಗೆದುಕೊಂಡು ಸೀಸನ್‌ನಲ್ಲಿ ಹೊಡೆಯುವುದು ಕಾನೂನುಬದ್ಧ. ರಸ್ತೆಗೆ ಅಡ್ಡ ಬಂದು ಕಾರಿಗೆ ಗುದ್ದುವಷ್ಟು ಬಿಳಿ ಬಾಲದ ಜಿಂಕೆಗಳಿವೆ. ಚಿಕ್ಕಪ್ಪನ ಮೊದಲ ಕಾರಿನ ಬಾನೆಟ್ ಹೋದದ್ದೂ ಹಾಗೆಯೇ. ಅಲ್ಲಿ ಬಿಲ್ಲಿನ ಸೀಸನ್ ಅಕ್ಟೋಬರ್ 1ಕ್ಕೆ ಶುರುವಾಗಿ ನವೆಂಬರ್ 14ರವರೆಗೆ ಇರುತ್ತದೆ. 15ರಿಂದ ಬಂದೂಕಿನವರ ಸರದಿ. 1960ರ ನಂತರ ಹುಟ್ಟಿದವರು ಬೇಟೆ ಸುರಕ್ಷತೆಯ ಕೋರ್ಸ್ ಮುಗಿಸಿದ ಮೇಲೇ ಲೈಸೆನ್ಸ್. ಚಿಕ್ಕಪ್ಪ ಸಹೋದ್ಯೋಗಿಯೊಬ್ಬರ ಜೊತೆ ಹೋಗಿ ಆ ಪರೀಕ್ಷೆಯನ್ನೂ ಪಾಸು ಮಾಡಿ, ಸುಮಾರು ವರ್ಷ ಬಿಲ್ಲು ಹಿಡಿದು ಕಾಡಿಗೆ ಹೋಗುತ್ತಿದ್ದರು.

ಇನ್ನೊಂದು ಸ್ವಾರಸ್ಯದ ಸಂಗತಿ. ನಮ್ಮಲ್ಲಿ ಬೇಟೆ ನಿಲ್ಲಿಸಿದ ಕಾಯ್ದೆ ಬಂದ ಅದೇ 1972ರಲ್ಲಿ ಅಮೆರಿಕದಲ್ಲಿ ಬಿಲ್ಲು ಬಾಣಗಳ ಮೇಲೂ ಶೇ 11ರಷ್ಟು ತೆರಿಗೆ ಹಾಕುವ ಕಾನೂನಾಯಿತು. ಬಂದೂಕಿನ ಮೇಲಿನ ಇಂಥ ತೆರಿಗೆ 1937ರ ಕಾಯ್ದೆಯಿಂದಲೇ ವನ್ಯಜೀವಿಗಳಿಗೆ ಮೀಸಲಾಗಿತ್ತು. ಈ ಹಣ ರಾಜ್ಯಗಳ ವನ್ಯಜೀವಿ ನಿರ್ವಹಣೆಗೆ ಹೋಗುತ್ತದೆ. ಒಂದೇ ವರ್ಷ, ಎರಡು ದೇಶ, ಕಾಡು ಉಳಿಸಲು ಎರಡು ದಾರಿ. ಯಾವುದು ಸರಿ ಅಂತ ತೀರ್ಪು ಕೊಡುವ ವಯಸ್ಸು ನನ್ನದಲ್ಲ. ನನ್ನ ಮುಂದಿದ್ದ ಪ್ರಶ್ನೆ ಆರುನೂರು ಡಾಲರ್‌ನದು.

ಆವತ್ತು ಊಟವಿಲ್ಲ

“ಒಂಬತ್ತು ವರ್ಷ ಯಾಕೆ ಬಿಟ್ಟಿದ್ರಿ?” ಅಂತ ಕೇಳಿದಾಗ ಚಿಕ್ಕಪ್ಪ ಮೊದಲು ಭುಜದ ಆಪರೇಷನ್ ಅಂದರು. ಆಮೇಲೆ ಕೆಲಸ ಅಂದರು. ಮಗಳ ಶಾಲೆ ಅಂದರು. ಮೂರನೇ ಭಾನುವಾರ ನಿಜ ಹೇಳಿದರು.

2016ರ ಅಕ್ಟೋಬರ್‌ನ ಒಂದು ಸಂಜೆ. ಮರದ ಮೇಲೆ ಕೂತಿದ್ದಾರೆ. ಬೆಳಕು ಇಳಿಯುವ ಹೊತ್ತಿಗೆ ಒಂದು ಹೆಣ್ಣು ಜಿಂಕೆ ಬಂತು. 38 ಗಜ ದೂರ. ಕೈಯಲ್ಲಿ 70 ಪೌಂಡಿನ ಬಿಲ್ಲು. ಬಾಣ ಬಿಟ್ಟರು. ಎದೆಗೆ ಬೀಳಬೇಕಾದ ಬಾಣ ಬೆನ್ನಿನ ಮೇಲ್ಭಾಗಕ್ಕೆ ಬಿತ್ತು. ಜಿಂಕೆ ಓಡಿತು. ಟಾರ್ಚ್ ಹಿಡಿದು ರಕ್ತದ ಹನಿಗಳ ಹಿಂದೆ ನಡುರಾತ್ರಿಯವರೆಗೆ ಹುಡುಕಿದರು. ಬೆಳಿಗ್ಗೆ ಮತ್ತೆ ಹೋದರು. ಸಿಗಲಿಲ್ಲ.

“ಮನೆಗೆ ಬಂದೆ. ನಿನ್ನ ಚಿಕ್ಕಮ್ಮ ತಟ್ಟೆ ಇಟ್ಟಳು. ಅಪ್ಪ ಎದುರಿಗೆ ಕೂತ ಹಂಗಾಯ್ತು. ಎದ್ದು ಹೋದೆ. ಕೈ ನಡುಗ್ತು ಅನ್ಸತ್ತೆ ಪುಟ್ಟಿ. ಕೈ ನಡುಗಿ ಹಂಗಾಯ್ತು.”

ಆ ಬಿಲ್ಲನ್ನು ಗ್ಯಾರೇಜಿನಲ್ಲಿ ತೂಗುಹಾಕಿದವರು ಮತ್ತೆ ಇಳಿಸಲಿಲ್ಲ. ಈ ವರ್ಷ ಅದರ ಹೆದೆ ಪುಡಿಪುಡಿಯಾಗಿತ್ತು. ಈಗ ಯಾಕೆ ಮತ್ತೆ ಹೋಗಬೇಕು ಅಂದರೆ, ಪಕ್ಕದ ಊರಿನ ರೈತರೊಬ್ಬರು ತಮ್ಮ ಜೋಳದ ಹೊಲಕ್ಕೆ ಜಿಂಕೆ ಕಾಟ ಹೆಚ್ಚಿದೆ, ಬನ್ನಿ ಎಂದು ಕರೆದಿದ್ದರು. ಅದೂ ನೆಪವೇ. “ಆ ಒಂದು ತಪ್ಪಿನ ಮೇಲೆ ಮುಗಿಸೋಕೆ ಮನಸ್ಸಿಲ್ಲ” ಅಂದರು. ಆ ಮಾತು ನನ್ನ ಮೇಲೆ ಭಾರ ಹೇರಿತು. ಬಿಲ್ಲು ತಪ್ಪಾಗಿ ಆರಿಸಿದರೆ ನಷ್ಟ ಚಿಕ್ಕಪ್ಪನ ಜೇಬಿಗೆ ಮಾತ್ರ ಅಲ್ಲ. ಲೆಕ್ಕದಲ್ಲೇ ಇಲ್ಲದ ಒಂದು ಪ್ರಾಣಿ ಅದನ್ನು ತೆರಬೇಕಾಗುತ್ತದೆ.

ಗಾಲಿ ಇರುವ ಬಿಲ್ಲು

ಕಾಂಪೌಂಡ್ ಬಿಲ್ಲು ನೋಡದವರಿಗೆ ಒಂದು ಮಾತು. ಸಾದಾ ಬಿಲ್ಲಿನಲ್ಲಿ ಹೆದೆ ಎಳೆದಷ್ಟೂ ಭಾರ ಹೆಚ್ಚುತ್ತದೆ. ಪೂರ್ತಿ ಎಳೆದಾಗ, ಅಂದರೆ ಗುರಿ ಹಿಡಿಯಬೇಕಾದ ಹೊತ್ತಿಗೆ, ಭಾರ ಅತಿ ಹೆಚ್ಚು. ಅಮೆರಿಕದ ಮಿಸೌರಿಯ ಹೋಲೆಸ್ ವಿಲ್ಬರ್ ಅಲೆನ್ ಬಿಲ್ಲಿನ ಎರಡು ತುದಿಯನ್ನೂ ಕತ್ತರಿಸಿ ಅಲ್ಲಿಗೆ ಗಾಲಿ ಕೂರಿಸಿದರು. 1966ರಲ್ಲಿ ಪೇಟೆಂಟ್‌ಗೆ ಅರ್ಜಿ, 1969ರಲ್ಲಿ ಪೇಟೆಂಟ್. ಗಾಲಿಯ ಅಕ್ಷ ನಡುವಿನಲ್ಲಿಲ್ಲ, ಒಂದು ಬದಿಗಿದೆ. ನಾವು ಮೆಷಿನ್ ಕ್ಲಾಸಿನಲ್ಲಿ ಓದುವ ಕ್ಯಾಮ್ ಇದೇ. ಎಳೆಯುವಾಗ ಭಾರ ಮೊದಲು ಏರುತ್ತದೆ, ಕೊನೆಯಲ್ಲಿ ದಡಕ್ಕನೆ ಇಳಿಯುತ್ತದೆ. ಈ ಇಳಿಕೆಗೆ ಲೆಟ್-ಆಫ್ ಅಂತ ಹೆಸರು. 60 ಪೌಂಡಿನ, ಅಂದರೆ ಸುಮಾರು 27 ಕೆಜಿಯ ಬಿಲ್ಲಿಗೆ ಶೇ 80ರಷ್ಟು ಲೆಟ್-ಆಫ್ ಇದ್ದರೆ, ಪೂರ್ತಿ ಎಳೆದ ಮೇಲೆ ಬೆರಳಿಗೆ ಬರುವ ಭಾರ 12 ಪೌಂಡ್ ಮಾತ್ರ. ಅರ್ಧ ಮೂಟೆ ಸಿಮೆಂಟಿಗಿಂತ ಹೆಚ್ಚು ಎಳೆದು ಐದೂವರೆ ಕೆಜಿ ಹಿಡಿದು ನಿಂತ ಹಾಗೆ. ನಮ್ಮ ಜ್ಯೋತಿ ಸುರೇಖಾ ವೆನ್ನಂ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಮೂರು ಚಿನ್ನ ಗೆದ್ದದ್ದು ಇಂಥ ಬಿಲ್ಲಿನಲ್ಲೇ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲೂ ಕಾಂಪೌಂಡ್ ಮಿಶ್ರ ತಂಡದ ಸ್ಪರ್ಧೆ ಇರಲಿದೆ.

ನಾನು ಎಕ್ಸೆಲ್ ಶೀಟ್ ತೆರೆದೆ. ಹೊಸ ಬಿಲ್ಲುಗಳಲ್ಲಿ ದೊಡ್ಡ ಮಾಡೆಲ್‌ಗಳಿಗೆ 1,200 ಡಾಲರ್ ದಾಟುತ್ತದೆ. ಕಲಿಯುವವರಿಗೆಂದು ಬರುವ ಸೆಟ್‌ಗಳು 400ರ ಆಸುಪಾಸು. “ಕಲಿಯುವವರ ಬಿಲ್ಲು ಚಿಕ್ಕಪ್ಪನಿಗೆ ಯಾಕೆ? ಅನುಭವಸ್ಥರು” ಅಂದುಕೊಂಡೆ. ಸೆಕೆಂಡ್ ಹ್ಯಾಂಡ್ ಹುಡುಕಿದೆ. ನಾಲ್ಕು ವರ್ಷ ಹಳೆಯ ದುಬಾರಿ ಬಿಲ್ಲೊಂದು 500 ಡಾಲರ್‌ಗೆ ಸಿಕ್ಕಿತು. ವೇಗ ಸೆಕೆಂಡಿಗೆ 340 ಅಡಿ ಅಂತ ಬರೆದಿತ್ತು. ರೂಪಾಯಿಗೆ ಎಷ್ಟು ವೇಗ ಅಂತ ಗ್ರಾಫ್ ಹಾಕಿದರೆ ಅದೇ ಎಲ್ಲಕ್ಕಿಂತ ಮೇಲೆ. “ಇದನ್ನೇ ತಗೊಳ್ಳಿ ಚಿಕ್ಕಪ್ಪ, ಕಣ್ಮುಚ್ಚಿ ತಗೊಳ್ಳಿ” ಅಂದೆ.

ಅವರು ನಿಜವಾಗಿಯೂ ಕಣ್ಮುಚ್ಚಿ ತಗೊಂಡರು.

ನನ್ನ ತಪ್ಪು

ಮುಂದಿನ ಭಾನುವಾರ ಫೋನು ಮಾಡಿದ್ದು ಚಿಕ್ಕಪ್ಪ ಅಲ್ಲ, ಚಿಕ್ಕಮ್ಮ. “ನಿಮ್ಮ ಚಿಕ್ಕಪ್ಪಂಗೆ ಭುಜ ಬಾತಿದೆ. ಐಸ್ ಇಟ್ಕೊಂಡು ಕೂತಿದಾರೆ. ಏನು ಇಂಜಿನಿಯರ್ರೋ ನೀವೆಲ್ಲ!”

ಏನಾಗಿತ್ತು ಅಂದರೆ, ಆ ಬಿಲ್ಲಿನ ಎಳೆತದ ಭಾರವನ್ನು 60 ಪೌಂಡಿಗಿಂತ ಕೆಳಗೆ ಇಳಿಸಲು ಬರುತ್ತಿರಲಿಲ್ಲ. ಎಳೆತದ ಉದ್ದ 29 ಇಂಚು. ಚಿಕ್ಕಪ್ಪನ ಎತ್ತರ ಐದು ಅಡಿ ಏಳು ಇಂಚು. ಎರಡೂ ಕೈ ಅಗಲಿಸಿ ನಿಂತಾಗ ನಡುಬೆರಳಿನಿಂದ ನಡುಬೆರಳಿಗೆ ಎಷ್ಟು ಇಂಚಿದೆಯೋ ಅದನ್ನು ಎರಡೂವರೆಯಿಂದ ಭಾಗಿಸಿದರೆ ಹೆಚ್ಚುಕಮ್ಮಿ ನಿಮ್ಮ ಎಳೆತದ ಉದ್ದ ಸಿಗುತ್ತದೆ. ಚಿಕ್ಕಪ್ಪನದು 68 ಇಂಚು, ಅಂದರೆ 27 ಚಿಲ್ಲರೆ. ಇಷ್ಟು ಸಣ್ಣ ಲೆಕ್ಕ ನಾನು ಮಾಡಿರಲಿಲ್ಲ. ಅವರನ್ನು ಒಂದು ಟೇಪ್ ಹಿಡಿದು ಅಳೆಯಿರಿ ಅಂತ ಹೇಳಿರಲಿಲ್ಲ. ಬೇರೆಯವರ ಅಳತೆಯ ಅಂಗಿ ಹೊಲಿಸಿಕೊಟ್ಟು ಬಟ್ಟೆ ಒಳ್ಳೇದು ಅಂತ ಹೊಗಳಿದ ಹಾಗಾಗಿತ್ತು.

ಆ 340 ಅಡಿಯ ಕಥೆಯೂ ಆಮೇಲೆ ತಿಳಿಯಿತು. ಕಂಪನಿಗಳು ಹೇಳುವ ಐಬಿಒ ವೇಗ 70 ಪೌಂಡ್ ಭಾರ, 30 ಇಂಚು ಎಳೆತ, 350 ಗ್ರೇನ್ ತೂಕದ ಹಗುರ ಬಾಣದಲ್ಲಿ ಅಳೆದದ್ದು. ಎಳೆತ ಒಂದು ಇಂಚು ಕಡಿಮೆಯಾದರೆ ಸುಮಾರು 10 ಅಡಿ ವೇಗ ಹೋಗುತ್ತದೆ. ಭಾರ ಇಳಿಸಿದರೆ ಇನ್ನಷ್ಟು. ಬೇಟೆಗೆ ಬೇಕಾದ ತೂಕದ ಬಾಣ ಹಾಕಿದರೆ ಮತ್ತಷ್ಟು. ಮೈಲೇಜ್ ಜಾಹೀರಾತು ನಂಬಿ ಬೈಕ್ ತಗೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಚಿಕ್ಕಪ್ಪ ಆ ಬಿಲ್ಲನ್ನು 420 ಡಾಲರ್‌ಗೆ ಮಾರಿದರು. 80 ಡಾಲರ್ ನಷ್ಟ, ಎರಡು ವಾರ ಫಿಸಿಯೋಥೆರಪಿ. ಒಂದು ಮಾತು ಬೈಯಲಿಲ್ಲ. “ನಂಗೂ ಆಸೆ ಆಯ್ತಲ್ಲ ಮಾರಾಯ್ತಿ, ನಿಂದೊಂದೇ ತಪ್ಪಾ?” ಅಂದರು. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಮೊದಲಿಂದ ಶುರು

ಆಗಸ್ಟ್‌ನಲ್ಲಿ ಎಕ್ಸೆಲ್ ಶೀಟಿನ ಕಾಲಮ್‌ಗಳನ್ನು ಉಲ್ಟಾ ಮಾಡಿದೆ. ಮೊದಲ ಕಾಲಮ್ ವೇಗ ಅಲ್ಲ, ಮನುಷ್ಯ. ಅವನ ಎಳೆತದ ಉದ್ದ ಎಷ್ಟು? ಎಷ್ಟು ಭಾರ ಆರಾಮವಾಗಿ ಎಳೆಯುತ್ತಾನೆ? ಭಾರ ನೋಡಲು ಹಳಬರ ಒಂದು ಸುಲಭ ಪರೀಕ್ಷೆ ಇದೆ. ಕುರ್ಚಿಯ ಮೇಲೆ ಕೂತು, ಬಿಲ್ಲನ್ನು ನೇರ ಎದುರಿಗೆ ಹಿಡಿದು, ಮೇಲೆತ್ತದೆ ನಿಧಾನವಾಗಿ ಎಳೆಯಬೇಕು. ಬಿಲ್ಲನ್ನು ಆಕಾಶಕ್ಕೆತ್ತಿ ಜಗ್ಗಬೇಕಾಗಿ ಬಂದರೆ ಆ ಭಾರ ನಿಮ್ಮದಲ್ಲ. ಮರದ ಮೇಲೆ ಚಳಿಯಲ್ಲಿ ಎರಡು ಗಂಟೆ ಕೂತು ಮರಗಟ್ಟಿದ ಮೈಯಲ್ಲಿ, ಜಿಂಕೆಗೆ ಕಾಣದ ಹಾಗೆ ಎಳೆಯಬೇಕಲ್ಲ. ಚಿಕ್ಕಪ್ಪನಿಗೆ ಆಗ ಬಂದದ್ದು 45 ಪೌಂಡ್.

ಎರಡನೇ ಕಾಲಮ್ ಜಿಂಕೆ. ಎಷ್ಟು ಶಕ್ತಿ ಬೇಕು? ಬಾಣ ತಯಾರಿಸುವ ಈಸ್ಟನ್ ಕಂಪನಿಯ ಪಟ್ಟಿಯ ಪ್ರಕಾರ ಜಿಂಕೆ ಗಾತ್ರದ ಪ್ರಾಣಿಗೆ 25ರಿಂದ 41 ಅಡಿ-ಪೌಂಡ್ ಚಲನಶಕ್ತಿ ಸಾಕು. ಗ್ರೇನ್‌ನಲ್ಲಿ ಬಾಣದ ತೂಕವನ್ನು ವೇಗದ ವರ್ಗದಿಂದ ಗುಣಿಸಿ 4,50,240ರಿಂದ ಭಾಗಿಸಿದರೆ ಇದು ಸಿಗುತ್ತದೆ. ಸೂತ್ರ ಪಿಯುಸಿಯದ್ದೇ, ಅರ್ಧ ಎಂವಿ ಸ್ಕ್ವೇರ್. ಯೂನಿಟ್ ಮಾತ್ರ ಅಮೆರಿಕದ್ದು. ಈ ಶಕ್ತಿಗೆ 70 ಪೌಂಡಿನ ಬಿಲ್ಲು ಬೇಕೇ ಇಲ್ಲ. ಅಲ್ಲಿನ ಎಷ್ಟೋ ರಾಜ್ಯಗಳಲ್ಲಿ ಜಿಂಕೆಗೆ ಕಾನೂನು ಕೇಳುವ ಕನಿಷ್ಠ ಭಾರವೇ 35ರಿಂದ 40 ಪೌಂಡ್.

ಹೀಗೆ ನೋಡಿದಾಗ, ನಾನು ಮೂಗು ಮುರಿದಿದ್ದ “ಕಲಿಯುವವರ ಬಿಲ್ಲು” ಪಟ್ಟಿಯ ಮೇಲಕ್ಕೆ ಬಂತು. ಬೇರ್ ಕಂಪನಿಯ ಕ್ರೂಜರ್ ಜಿ2, ಡೈಮಂಡ್ ಕಂಪನಿಯ ಇನ್ಫಿನಿಟ್ ಎಡ್ಜ್ ಪ್ರೊ, ಇಂಥವುಗಳಲ್ಲಿ ಭಾರವನ್ನು 5 ಪೌಂಡಿನಿಂದ 70ರವರೆಗೆ ತಿರುಪು ತಿರುಗಿಸಿಯೇ ಬದಲಿಸಬಹುದು. ಎಳೆತದ ಉದ್ದವೂ ಹಾಗೆಯೇ, 13 ಇಂಚಿನಿಂದ 30 ಇಂಚಿನವರೆಗೆ. ಬೆಳೆಯುವ ಮಕ್ಕಳಿಗೆಂದು ಮಾಡಿದ ಈ ಅನುಕೂಲ, ಆಪರೇಷನ್ ಆದ ಭುಜವನ್ನು ಮತ್ತೆ ಪಳಗಿಸುವವರಿಗೂ ಹೇಳಿ ಮಾಡಿಸಿದ ಹಾಗಿದೆ. ಇವತ್ತು 45ಕ್ಕೆ ಇಟ್ಟು ಶುರು ಮಾಡಿ, ಭುಜ ಒಪ್ಪಿದ ಹಾಗೆ ಏರಿಸಬಹುದು. ಗುರಿ ನೋಡುವ ಸೈಟ್, ಬಾಣ ಕೂರುವ ರೆಸ್ಟ್, ಬತ್ತಳಿಕೆ ಎಲ್ಲ ಸೆಟ್‌ನಲ್ಲೇ ಬರುತ್ತವೆ.

ಹಾಗಂತ ಸೆಕೆಂಡ್ ಹ್ಯಾಂಡ್ ಕೆಟ್ಟದ್ದು ಅಂತಲ್ಲ. ಅಳತೆ ಕೂಡಿಬಂದರೆ ಅರ್ಧ ಬೆಲೆಗೆ ಒಳ್ಳೆಯ ಬಿಲ್ಲು ಸಿಗುತ್ತದೆ. ಆದರೆ ಕೈಯಲ್ಲಿ ಹಿಡಿದು ನೋಡದೆ ತಗೊಳ್ಳಬಾರದು. ಬಿಲ್ಲಿನ ಎರಡು ತೋಳುಗಳ ಮೇಲೆ ಹತ್ತಿಯ ಉಂಡೆ ಸವರಬೇಕು. ಹತ್ತಿಯ ಎಳೆ ಸಿಕ್ಕಿಕೊಂಡರೆ ಅಲ್ಲಿ ಕಣ್ಣಿಗೆ ಕಾಣದ ಬಿರುಕಿದೆ ಅಂತ ಅರ್ಥ. ಕ್ಯಾಮ್‌ನ ಅಂಚಿನಲ್ಲಿ ಕಚ್ಚು, ಅಕ್ಷದಲ್ಲಿ ಬಾಗು ಇದೆಯೇ ನೋಡಬೇಕು. ಬಾಣ ಇಲ್ಲದೆ ಹೆದೆ ಬಿಟ್ಟಿದ್ದಾರೆಯೇ ಅಂತ ಕೇಳಬೇಕು. ಬಾಣಕ್ಕೆ ಹೋಗಬೇಕಾದ ಶಕ್ತಿ ಹೋಗಲು ಜಾಗವಿಲ್ಲದೆ ಬಿಲ್ಲಿನ ಮೈಗೇ ಹೊಡೆಯುತ್ತದೆ. ಒಂದೇ ಸಲಕ್ಕೆ ಬಿಲ್ಲು ಮುರಿದದ್ದೂ ಉಂಟು. ಹೆದೆ, ಕೇಬಲ್‌ಗಳು ಹಳೆಯದಾಗಿದ್ದರೆ ಬದಲಿಸಲು ಕೂಲಿ ಸೇರಿ ನೂರು ಡಾಲರ್ ದಾಟುತ್ತದೆ. ಆ ಖರ್ಚು ಸೇರಿಸಿದ ಮೇಲೂ ಅಗ್ಗವೇ ಅಂತ ನೋಡಬೇಕು.

ಈ ಸಲ ನಾನು ಯಾವುದನ್ನೂ “ತಗೊಳ್ಳಿ” ಅನ್ನಲಿಲ್ಲ. ಮೂರು ಹೆಸರು ಬರೆದುಕೊಟ್ಟು “ಅಂಗಡಿಗೆ ಹೋಗಿ ಮೂರನ್ನೂ ಎಳೆದು ನೋಡಿ” ಅಂದೆ. ಹೋದರು, ಅಳೆಸಿಕೊಂಡರು, ಕುರ್ಚಿಯಲ್ಲಿ ಕೂತು ಎಳೆದರು. ಒಂದು ಕೈಗೆ ಕೂತಿತು. ಸೆಟ್‌ಗೆ 399 ಡಾಲರ್, ಅರ್ಧ ಡಜನ್ ಕಾರ್ಬನ್ ಬಾಣಕ್ಕೆ 65, ಬೇಟೆಯ ಅಲಗುಗಳಿಗೆ 40, ಅಭ್ಯಾಸದ ಫೋಮ್ ಟಾರ್ಗೆಟ್‌ಗೆ 55. ಹೆದೆ ಬಿಡುವ ರಿಲೀಸ್ ಹಳೆಯದೇ ಚೆನ್ನಾಗಿತ್ತು. ತೆರಿಗೆ ಬಿಟ್ಟು ಒಟ್ಟು 559. ನನ್ನ ದಡ್ಡತನದ 80 ಸೇರಿಸಿದರೆ 639. “ಮೂವತ್ತೊಂಬತ್ತು ಡಾಲರ್ ಮೇಲಾಯ್ತು, ಪುಟ್ಟಿ ಮೊದಲ ಸಂಬಳದಲ್ಲಿ ಕೊಡ್ತಾಳೆ” ಅಂತ ಚಿಕ್ಕಮ್ಮ ಬರೆದಿಟ್ಟುಕೊಂಡಿದ್ದಾರೆ.

ಒಂದನ್ನು ಮಾತ್ರ ಚಿಕ್ಕಪ್ಪ ಅಗ್ಗದ್ದು ತರಲಿಲ್ಲ, ಅಲಗು. ಅದು ಕ್ಷೌರದ ಬ್ಲೇಡಿನಷ್ಟು ಹರಿತ ಇರಲೇಬೇಕು. ಬಂದೂಕಿನ ಗುಂಡಿನ ಹಾಗೆ ಬಾಣ ಪೆಟ್ಟು ಕೊಟ್ಟು ಕೊಲ್ಲುವುದಿಲ್ಲ, ಕೊಯ್ದು ಕೊಲ್ಲುತ್ತದೆ. ಮೊಂಡು ಅಲಗಿನಿಂದ ಉಳಿಸಿದ ಹತ್ತು ಡಾಲರನ್ನು ಜಿಂಕೆ ನರಳಿ ತೀರಿಸುತ್ತದೆ.

38 ಗಜದ ಲೆಕ್ಕ

ಸೆಪ್ಟೆಂಬರ್ ಕೊನೆಗೆ ಚಿಕ್ಕಪ್ಪ 52 ಪೌಂಡಿಗೆ ಬಂದಿದ್ದರು. ಹಿತ್ತಲಿನಲ್ಲಿ ದಿನಕ್ಕೆ ಇಪ್ಪತ್ತೈದು ಬಾಣ, ಅದಕ್ಕಿಂತ ಒಂದೂ ಹೆಚ್ಚಿಲ್ಲ. ಅಂಗಡಿಯಲ್ಲಿ ವೇಗ ಅಳೆದಾಗ 420 ಗ್ರೇನ್ ಬಾಣಕ್ಕೆ ಸೆಕೆಂಡಿಗೆ 235 ಅಡಿ ಬಂತು. ಶಕ್ತಿ 51 ಅಡಿ-ಪೌಂಡ್. ಬೇಕಾದ್ದಕ್ಕಿಂತ ಹೆಚ್ಚೇ. ಆದರೂ ನನಗೆ ಆ 340 ಮರೆತಿರಲಿಲ್ಲ. ವೇಗ ಇಷ್ಟು ಕಡಿಮೆಯಾದದ್ದು ತಪ್ಪಾಯಿತೇ?

ಇಂಟರ್ನಲ್ಸ್ ಮುಗಿದ ಸಂಜೆ ಒಂದು ಲೆಕ್ಕ ಹಾಕಿದೆ. ಹೆದೆ ಬಿಟ್ಟಾಗ ಸದ್ದಾಗುತ್ತದೆ. ಸದ್ದು ಸೆಕೆಂಡಿಗೆ ಸುಮಾರು 1,100 ಅಡಿ ಓಡುತ್ತದೆ, ಬಾಣಕ್ಕಿಂತ ಎಷ್ಟೋ ಮುಂಚೆ ಜಿಂಕೆಯನ್ನು ಮುಟ್ಟುತ್ತದೆ. ಬೆಚ್ಚಿದ ಜಿಂಕೆ ಓಡುವ ಮೊದಲು ಕಾಲು ಮಡಚಿ ಮೈಯನ್ನು ಕೆಳಕ್ಕೆ ಕುಗ್ಗಿಸುತ್ತದೆ. ಬೆಚ್ಚಲು ಸೆಕೆಂಡಿನ ಹತ್ತನೇ ಒಂದು ಭಾಗ ಅಂತ ಹಿಡಿದೆ. ಆಮೇಲೆ ಅದು ಗುರುತ್ವದ ವೇಗದಲ್ಲೇ ಕುಸಿಯುತ್ತದೆ ಅಂತ ಹಿಡಿದೆ. ಬಾಣ ತಲುಪುವ ಹೊತ್ತಿಗೆ ಜಿಂಕೆ ಎಷ್ಟು ಕೆಳಗಿರುತ್ತದೆ?

ಚಿಕ್ಕಪ್ಪನ ನಿಧಾನ ಬಿಲ್ಲು, 20 ಗಜ ದೂರ: 5 ಸೆಂಟಿಮೀಟರ್. ಅದೇ ಬಿಲ್ಲು, 40 ಗಜ: 45 ಸೆಂಟಿಮೀಟರ್. ಇನ್ನು 50 ಅಡಿ ವೇಗ ಹೆಚ್ಚಿರುವ, ಎರಡು ಮೂರು ಪಟ್ಟು ದುಬಾರಿ ಬಿಲ್ಲು, 40 ಗಜ: 22 ಸೆಂಟಿಮೀಟರ್. ಜಿಂಕೆಯ ಹೃದಯ, ಶ್ವಾಸಕೋಶ ಇರುವ ಜಾಗದ ಅಗಲವೇ ಸುಮಾರು 20ರಿಂದ 25 ಸೆಂಟಿಮೀಟರ್. ಅದರ ನಡುವಿಗೆ ಗುರಿಯಿಟ್ಟ ಬಾಣಕ್ಕೆ ಮೇಲೊಂದು 12, ಕೆಳಗೊಂದು 12. ಅಂದರೆ ದುಬಾರಿ ಬಿಲ್ಲೂ 40 ಗಜದಲ್ಲಿ ಬೆಚ್ಚಿದ ಜಿಂಕೆಗೆ ತಪ್ಪುತ್ತದೆ. ಅಗ್ಗದ ಬಿಲ್ಲು 20 ಗಜದಲ್ಲಿ ತಪ್ಪುವುದಿಲ್ಲ. ಸಾವಿರ ಡಾಲರ್ ಕೊಡದ್ದನ್ನು ಇಪ್ಪತ್ತು ಹೆಜ್ಜೆ ಹತ್ತಿರ ಹೋಗುವ ತಾಳ್ಮೆ ಕೊಡುತ್ತದೆ.

ಕೊನೆಯ ಸಾಲಿನಲ್ಲಿ ಸುಮ್ಮನೆ ಇನ್ನೊಂದು ಅಂಕಿ ಹಾಕಿದೆ. 38 ಗಜ, ಹಳೆಯ 70 ಪೌಂಡಿನ ಬಿಲ್ಲು, ಅಂದಾಜು 280 ಅಡಿ ವೇಗ. ಉತ್ತರ ಬಂತು: 20 ಸೆಂಟಿಮೀಟರ್. ಎದೆಗಿಟ್ಟ ಗುರಿ ಇಪ್ಪತ್ತು ಸೆಂಟಿಮೀಟರ್ ಮೇಲೆ ಬಿದ್ದರೆ ಅದು ಬೆನ್ನಿನ ಮೇಲ್ಭಾಗ.

ಸ್ವಲ್ಪ ಹೊತ್ತು ಲ್ಯಾಪ್‌ಟಾಪ್ ನೋಡುತ್ತಾ ಕೂತಿದ್ದೆ. ಭಾನುವಾರ ಫೋನಿನಲ್ಲಿ ಹೇಳಿದೆ. “ಚಿಕ್ಕಪ್ಪ, ಅವತ್ತು ಕೈ ನಡುಗಿರಲಿಕ್ಕಿಲ್ಲ. ಬಾಣ ನೀವು ಇಟ್ಟ ಗುರಿಗೇ ಹೋಗಿರಬಹುದು. ಜಿಂಕೆ ಅಲ್ಲಿರಲಿಲ್ಲ.”

ಆ ಕಡೆ ಮಾತಿಲ್ಲ. ಲೈನ್ ಕಟ್ಟಾಯಿತೇನೋ ಅಂದುಕೊಂಡೆ. ಆಮೇಲೆ ಗಂಟಲು ಸರಿಮಾಡಿಕೊಂಡು ಅಂದರು, “ಹಂಗಾದ್ರೆ ತಪ್ಪು ಕೈದಲ್ಲ, ತಲೇದು. ಆ ದೂರದಲ್ಲಿ ಬಿಡಬಾರದಿತ್ತು. ಕೈಗಾದ್ರೆ ಭುಜದ ಎಕ್ಸರ್‌ಸೈಜ್ ಇದೆ. ತಲೆಗೆ ನಾನೇ ಒಂದು ಗೆರೆ ಹಾಕ್ಕೋಬೇಕು.” ಆ ಗೆರೆ 20 ಗಜ. ಮರದ ಸುತ್ತ 20 ಗಜಕ್ಕೆ ನಾಲ್ಕು ಕಡೆ ಕಡ್ಡಿ ನೆಟ್ಟರು. ಅದರಾಚೆ ಬಿಲ್ಲು ಎತ್ತುವುದಿಲ್ಲ.

ಡಿಸೈನ್ ಕ್ಲಾಸಿನಲ್ಲಿ ನಮಗೆ ಫ್ಯಾಕ್ಟರ್ ಆಫ್ ಸೇಫ್ಟಿ ಅಂತ ಹೇಳಿಕೊಡುತ್ತಾರೆ. ಸರಳು ನೂರು ಕೆಜಿ ತಡೆಯುವುದಾದರೆ ಐವತ್ತೇ ಹೊರಿಸು ಅಂತ. ಪರೀಕ್ಷೆಯಲ್ಲಿ ಅದನ್ನು ಒಂದು ಅಂಕಿ ಅಂತ ಬರೆದಿದ್ದೆ. ನೆಲದಲ್ಲಿ ನೆಟ್ಟ ಕಡ್ಡಿಯಾಗಿ ಅದನ್ನು ನೋಡಿದ್ದು ಇದೇ ಮೊದಲು.

ಆಯುಧ ಪೂಜೆ

2025ರಲ್ಲಿ ಆಯುಧ ಪೂಜೆಯೂ ಅಕ್ಟೋಬರ್ 1ಕ್ಕೇ ಬಂತು, ಮಿಷಿಗನ್ನಿನ ಬಿಲ್ಲಿನ ಸೀಸನ್ನೂ ಅವತ್ತೇ ಶುರು. ಊರಿನಲ್ಲಿ ನಾವು ಅಜ್ಜನ ಕೋವಿ ಒರೆಸಿ ಕುಂಕುಮ, ಸೇವಂತಿಗೆ ಇಟ್ಟೆವು. ಅಲ್ಲಿ ಚಿಕ್ಕಪ್ಪ 399 ಡಾಲರಿನ ಬಿಲ್ಲಿಗೆ ಕುಂಕುಮ ಹಚ್ಚಿ ಫೋಟೊ ಕಳಿಸಿದರು. ಅಜ್ಜಿ ಕನ್ನಡಕ ಏರಿಸಿ ನೋಡಿ, “ಇದೆಂಥದ್ದೇ, ಸೈಕಲ್ಲಿನ ಗಾಲಿ ಇದ್ದ ಹಂಗಿದೆ!” ಅಂದರು.

ಅಕ್ಟೋಬರ್ 5ರ ಭಾನುವಾರ, ಅದೇ ಆರೂವರೆಗೆ ಫೋನು ಬಂತು. ಚಿಕ್ಕಪ್ಪ ಆಗಷ್ಟೇ ಕಾಡಿನಿಂದ ಬಂದಿದ್ದರು. ಬೆಳಕಿಳಿಯುವ ಹೊತ್ತಿಗೆ ಒಂದು ಹೆಣ್ಣು ಜಿಂಕೆ ಬಂದಿತ್ತಂತೆ. ಜೋಳದ ಅಂಚಿನಲ್ಲಿ ನಿಂತು ಹತ್ತು ನಿಮಿಷ ಮೇಯಿತಂತೆ. 32 ಗಜ. ಕಡ್ಡಿಯಿಂದ ಈಚೆಗೆ ಬರಲೇ ಇಲ್ಲ. ಹಾಗೇ ಹೋಯಿತು.

“ಬಿಲ್ಲು ಎತ್ತಲೇ ಇಲ್ವಾ? ನಿಮ್ಮ ಬಿಲ್ಲಿಗೆ 32 ಗಜ ಆಗ್ತಿತ್ತು ಚಿಕ್ಕಪ್ಪ.”

“ಬಿಲ್ಲಿಗೆ ಆಗ್ತಿತ್ತು ಪುಟ್ಟಿ. ಇನ್ನೂ ನವೆಂಬರ್ 14ರವರೆಗೆ ಟೈಮಿದೆ, ಹೋದ್ರೆ ಹೋಗ್ಲಿ.” ಹಿಂದಿನಿಂದ ತಟ್ಟೆಯ ಸದ್ದು ಕೇಳುತ್ತಿತ್ತು. ಚಿಕ್ಕಮ್ಮ ಊಟಕ್ಕೆ ಕರೆಯುತ್ತಿದ್ದರು. “ಇಡ್ತೀನಿ” ಅಂದು ಫೋನಿಟ್ಟರು.

ಅಜ್ಜಿ ಒಲೆಯ ಮುಂದೆ ಕೂತು ಎಲ್ಲ ಕೇಳಿಸಿಕೊಂಡಿದ್ದರು. “ಏನಂತೆ? ಸಿಕ್ತಂತಾ?”

“ಇಲ್ಲ ಅಜ್ಜಿ. ದೂರ ಇತ್ತಂತೆ, ಬಾಣ ಬಿಡಲಿಲ್ಲವಂತೆ.”

ಅಜ್ಜಿ ಕೆಂಡ ಮುಂದಕ್ಕೆ ತಳ್ಳಿ ಅಂದರು, “ಹಂಗಾದ್ರೆ ಅವ ಇವತ್ತು ಊಟ ಮಾಡಿ ಮಲಗ್ತಾನೆ ಬಿಡು.”